ಪಂಢರಿಯ ಸುಳ್ಳು ಕಿವುಡು

ಪಂಢರಿ ಕಿವುಡನಾದದ್ದು ಕಿವಿಯ ದೋಷದಿಂದಲ್ಲ, ಪಕ್ಕದ ಮನೆಯ ಹಣಮಂತಪ್ಪನಿಂದ. ಭಾಲ್ಕಿಯಲ್ಲಿ ತನಗೂ ದಾಯಾದಿಗಳಿಗೂ ನಡೆದ ಹೊಲದ ಬದುವಿನ ಜಗಳವನ್ನು ಆತ ಪ್ರತಿ ಸಂಜೆ ಕಂಪೌಂಡಿನ ಮೇಲೆ ಮೊಳಕೈ ಊರಿ ಮೊದಲಿನಿಂದ ಹೇಳುತ್ತಿದ್ದ. ಊರ ಹೊರಗಿನ ಕೊಳಾರದ ಕಾರ್ಖಾನೆಯಲ್ಲಿ ಯಂತ್ರಗಳ ಗದ್ದಲದೊಳಗೆ ದಿನವಿಡೀ ದುಡಿದು ಬಂದ ಪಂಢರಿ ಒಂದು ಸಂಜೆ ಕಿವಿಗೆ ಕೈ ಹಚ್ಚಿ, "ಏನ್ರಿ? ಕೇಳ್ಸವಲ್ದು" ಅಂದುಬಿಟ್ಟ. ಅಷ್ಟೇ ಸಾಕಾಯಿತು. ಬೀದರಿನ ಆ ಓಣಿಗೆ ಓಣಿಯೇ ಅವನೊಡನೆ ಚೀರಿ ಮಾತಾಡತೊಡಗಿತು. ಕಾರ್ಖಾನೆಯವರಿಗೂ ಸುದ್ದಿ ಮುಟ್ಟಿತು.

ಸುಳ್ಳು ಸುಖವಾಗಿಯೇ ಇತ್ತು. ಆದರೆ ಅದನ್ನು ಹೆಂಡತಿ ಜಿಜಾಬಾಯಿಯ ಮುಂದೆಯೂ ಆಡಿದ ದಿನವನ್ನು ನೆನೆದರೆ ಇಂದಿಗೂ ಅವನಿಗೆ ತುತ್ತು ಇಳಿಯುವುದಿಲ್ಲ. ಸಂತಪುರದಲ್ಲಿ ಆಕೆಯ ತಾಯಿಗೆ ಕಣ್ಣಿನ ಆಪರೇಷನ್ ಇತ್ತು. "ನಾಳಿ ಇಬ್ರೂ ಹೋಗಿ ಬರೋಣೇನ್ರಿ?" ಎಂದು ಆಕೆ ಕೇಳಿದಳು. ಟಿವಿಯಲ್ಲಿ ಕ್ರಿಕೆಟ್ ನಡೆದಿತ್ತು. ಪಂಢರಿ ಕೇಳಿಯೂ ಕೇಳದವನಂತೆ ಕೂತ. ಆಕೆ ಒಬ್ಬಳೇ ಬಸ್ಸು ಹತ್ತಿದಳು.

ಆಮೇಲೆ ದಿನಗಳೆದಂತೆ ಆಕೆಯ ಮಾತು ಕಡಿಮೆಯಾಗುತ್ತ ಬಂದು, ಈಚೆಗೆ ಪೂರಾ ನಿಂತೇ ಹೋಗಿತ್ತು. ಸಿಟ್ಟು ಎಂದುಕೊಂಡ ಪಂಢರಿ. ಮನೆ ಬಿಕೋ ಎನ್ನುತ್ತಿತ್ತು. ಹೇಗಾದರೂ ಮಾಡಿ ಆಕೆಯನ್ನು ಮಾತಾಡಿಸಬೇಕು. ಆದರೆ ಕಿವಿ ಕೇಳಿಸುತ್ತದೆ ಎಂದು ಯಾವ ಬಾಯಿಂದ ಹೇಳುವುದು?

ದಾರಿ ತೋರಿದವನು ಹಣಮಂತಪ್ಪನೇ. "ದೊಡ್ಡ ದವಾಖಾನ್ಯಾಗ ಕಿವಿ ತಪಾಸ ಮಾಡ್ತಾರಂತೋ ಪಂಢರೀ! ನಡಿ! ನನ್ನ ಬದುವಿನ ಕತಿ ನಿನಗ ಅರ್ಧಾ ಉಳದದ!" ಎಂದು ಎದುರಿಗೇ ನಿಂತು ಕೂಗಿದ. ಪಂಢರಿಗೆ ಒಳಗೊಳಗೇ ಖುಷಿಯಾಯಿತು. ಡಾಕ್ಟರು ಎರಡು ಹನಿ ಔಷಧ ಹಾಕಲಿ, ವಾಸಿಯಾಯಿತು ಎಂದು ಮರ್ಯಾದೆಯಿಂದ ಮನೆಗೆ ಬಂದರಾಯಿತು. ಜಿಜಾಬಾಯಿಯೂ ಸೇರಿ ಮೂವರೂ ಆಟೋ ಹತ್ತಿದರು.

ತಪಾಸಣೆಯ ಉಜ್ವಲಾ ಮೇಡಂ ಚಿಕ್ಕ ವಯಸ್ಸಿನವಳು. ಶಬ್ದ ಕೇಳಿದಾಗ ಮಾತ್ರ ಗುಂಡಿ ಒತ್ತಲು ಹೇಳಿದಳು. ಬೇಗ ವಾಸಿಯಾಗುವ ಆತುರದಲ್ಲಿ ಪಂಢರಿ ಶಬ್ದ ಬರಲಿ ಬಿಡಲಿ ಒತ್ತಿದ್ದೇ ಒತ್ತಿದ್ದು.

"ಕಾಕಾ, ನಾ ಇನ್ನಾ ಮಷೀನ್ ಚಾಲೂನೇ ಮಾಡಿಲ್ರಿ!" ಎಂದು ಆಕೆ ಜೋರಾಗಿ ಹೇಳಿ, ಬೇರೆ ಕೋಣೆಗೆ ಕರೆದೊಯ್ದು ತಲೆಗೆ ಜೆಲ್ ಹಚ್ಚಿ ವೈರುಗಳನ್ನು ಅಂಟಿಸಿದಳು. "ಇದಕ್ಕ ಗುಂಡಿ ಬ್ಯಾಡ್ರಿ. ಮಾತು ಮುಟ್ಟಿದ್ರ ಮಿದುಳು ತಾನೇ ಜವಾಬ ಕೊಡ್ತದ. ಸ್ಕ್ರೀನ್ ಮ್ಯಾಲ ಕಾಣ್ತದ."

"ಸುಳ್ಳು ಹೇಳಿದ್ದೂ ಕಾಣ್ತದೇನ್ರಿ ಮೇಡಂ!" ಹಣಮಂತಪ್ಪ ಬಾಗಿಲಲ್ಲಿ ನಿಂತೇ ಅರಚಿದ. ಜಿಜಾಬಾಯಿ ಒಳಗೆ ಗೋಡೆಗೆ ಆತು ಕೂತಿದ್ದಳು.

ಕಿವಿಗೆ ಸಿಕ್ಕಿಸಿದ ಹೆಡ್‌ಫೋನಿನಲ್ಲಿ ಯಾರೋ ಹೆಣ್ಣುಮಗಳು ಊರ ಬಾವಿಯ ಕತೆ ಓದುತ್ತಿದ್ದಳು. ಸ್ವಲ್ಪ ಓದುವಳು, ದಣಿವಾದಂತೆ ಬಹಳ ಹೊತ್ತು ಸುಮ್ಮನಾಗುವಳು, ಮತ್ತೆ ಓದುವಳು. ಅವಳು ಓದಿದಾಗಲೆಲ್ಲ ತನ್ನ ಮಿದುಳು ಚಾಡಿ ಹೇಳುತ್ತಿದೆ ಎನಿಸಿ ಪಂಢರಿ ಬೆವೆತುಹೋದ. ಕೊನೆಗೆ ತಡೆಯಲಾರದೆ ಹೆಡ್‌ಫೋನು ಕಿತ್ತು ಕೈಮುಗಿದ.

"ತಪ್ಪಾತ್ರಿ ಮೇಡಂ! ನನಗೆಲ್ಲಾ ಕೇಳ್ಸತದ. ಇಷ್ಟು ದಿನ ನಾಟಕ ಮಾಡೇನಿ. ಜಿಜಾ, ನಿಮ್ಮವ್ವನ ಆಪರೇಷನ್ ಮಾತು ಸೈತ ಕೇಳಿತ್ತು. ಕೇಳಿ ಸುಮ್ನ ಕುಂತಿದ್ದೆ."

ಉಜ್ವಲಾ ಸ್ಕ್ರೀನ್ ತಿರುಗಿಸಿ ತೋರಿಸಿದಳು.

"ನಾಟಕ ಎಲ್ಲೀದ್ರಿ ಕಾಕಾ! ಜೋರ್ ಮಾತಿಗಿ ನಿಮ್ಮ ಮಿದುಳು ಜವಾಬ ಕೊಟ್ಟದ. ಮನ್ಯಾಗ ಆಡೋ ಮಾತಿನಷ್ಟು ಸಣ್ಣಗ ಆದ್ರ ಏನೂ ಇಲ್ಲ, ನೋಡ್ರಿ!"

"ಆ ಕತಿ ಓದಾಕಿ ನಡುವ ಸುಮ್ಮನಾಗ್ತಿದ್ದಳಲ್ರೀ?" ಎಂದ ಪಂಢರಿ.

"ಒಮ್ಮಿನೂ ಸುಮ್ಮನಾಗಿಲ್ರಿ! ದನಿ ತಗ್ಗಿಸಿದ್ದೆವು ಅಷ್ಟೇ! ಯಂತ್ರದ ಗದ್ದಲ ನಿಮ್ಮ ಕಿವಿ ತಿಂದದ! ಎಲ್ರೂ ಚೀರಿ ಮಾತಾಡಿದ್ದಕ್ಕ ನಿಮಗ ಗೊತ್ತಾಗಿಲ್ಲ! ನಿಮ್ಮ ಸಂಗಟ ಸಣ್ಣಗ ಮಾತಾಡೋರು ಯಾರ್ರಿ?"

ಪಂಢರಿ ನಿಧಾನವಾಗಿ ಹೆಂಡತಿಯತ್ತ ತಿರುಗಿದ. ಜಿಜಾಬಾಯಿ ಮದುವೆಯಾದಾಗಿನಿಂದ ಗಂಡನ ಮುಂದೆ ದನಿ ಎತ್ತಿದವಳಲ್ಲ. ಈಗ, ಮೊದಲ ಸಲ, ಎತ್ತಿದಳು.

"ನಾ ದಿನಾ ಮಾತಾಡೇನ್ರಿ! ಒಲಿ ಮುಂದ ಕುಂತು ಎಲ್ಲಾ ಹೇಳ್ತಿದ್ದೆ! ಓಣಿಗಿ ಕೇಳಂಗ ಗಂಡಗ ಚೀರಬಾರ್ದಂತ ಸಣ್ಣಗೇ ಹೇಳ್ತಿದ್ದೆ! ಪಾಪ, ಕೇಳಸಂಗಿಲ್ಲ, ಅವತ್ತೂ ಕೇಳಿರಾಕಿಲ್ಲ ಅಂತ ಅವ್ವಗೂ ಸಮಾಧಾನ ಹೇಳಿದ್ದೆ!"

ಪಂಢರಿಗೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಆಕೆಗೆ ಅವನ ಮೇಲೆ ಸಿಟ್ಟೇ ಇರಲಿಲ್ಲ. ತಾನು ಬಾಯಿ ಮುಚ್ಚಿಕೊಂಡು ಕೂತಿದ್ದರೆ ಇವತ್ತೂ ಇರುತ್ತಿರಲಿಲ್ಲ.

ಜಿಜಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವನನ್ನೇ ನೋಡುತ್ತ ಇನ್ನೇನೋ ಅಂದಳು, ತನ್ನ ಎಂದಿನ ಸಣ್ಣ ದನಿಯಲ್ಲಿ. ತುಟಿ ಅಲುಗಿದ್ದು ಪಂಢರಿಗೆ ಕಂಡಿತು. ಆಮೇಲೆ ಆಕೆ ಹೊರಗೆ ನಡೆದಳು.

"ಏನಂದಳ್ರಿ? ಮೇಡಂ, ಏನಂದಳು?"

ಉಜ್ವಲಾ ತಲೆ ತಗ್ಗಿಸಿ ವೈರು ಬಿಚ್ಚತೊಡಗಿದಳು.

ಪಂಢರಿ ಹಣಮಂತಪ್ಪನ ಕೈ ಹಿಡಿದುಕೊಂಡ. "ನೀ ಬಾಗಿಲಾಗೇ ಇದ್ದಿ. ಕೇಳಿದ್ದಿ. ಜೋರಾಗಿ ಹೇಳೋ, ಮಾರಾಯ!"

ಊರ ಸುದ್ದಿಯನ್ನೆಲ್ಲ ಕೂಗಿ ಹೇಳುವ ಹಣಮಂತಪ್ಪ ಅವನ ಮುಖ ನೋಡಿದ. ಕೈ ಮೆಲ್ಲಗೆ ಬಿಡಿಸಿಕೊಂಡ. ಏನೂ ಹೇಳಲಿಲ್ಲ.