ಮೇಷ್ಟ್ರೂ ಗೌಡರೂ ಸಮುದ್ರ ನೋಡಲು ಹೊರಟದ್ದು

ಹೊರಟ ಊರಿಗೆ ನೆಟ್ಟಗೆ ತಲುಪುವ ಯೋಗ ನನ್ನ ಜಾತಕದಲ್ಲೇ ಇಲ್ಲ. ಮದುವೆಗೆ ಹೊರಟರೆ ಬೀಗರ ಔತಣಕ್ಕೆ ತಲುಪುತ್ತೇನೆ. ಇಂಥವು ಎಷ್ಟೋ ಆಗಿವೆ, ಎಷ್ಟೋ ಮರೆತುಹೋಗಿವೆ. ಆದರೆ ನಮ್ಮ ಮನೆ ಓನರ್ ಗೌಡರ ಜೊತೆ ಹೋದ ಆ ಒಂದು ದಸರಾ ರಜೆ ನೆನಪಾದರೆ ಮೊದಲು ನಗು ಬರುತ್ತದೆ, ಆಮೇಲೆ ಎದ್ದು ಹೋಗಿ ಜಗುಲಿಯಲ್ಲಿ ಕೂರುತ್ತೇನೆ.

೧. ಹಸು ತಿಂದ ಭೂಗೋಳ

ಆಗ ಜಯನಗರ ಇನ್ನೂ ಹೊಸ ಬಡಾವಣೆ. ನಾಲ್ಕು ಮನೆ, ಆಮೇಲೆ ಬಯಲು, ಅದರಾಚೆ ರಾಗಿ ಹೊಲ. ನಾನು ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರು. ನನ್ನ ಬಾಡಿಗೆ ಮನೆ ಸುದ್ದಗುಂಟೆಪಾಳ್ಯದ ಗೌಡರದ್ದು. ಮನೆ ನನಗೆ ಕೊಟ್ಟಿದ್ದರೂ ಕಾಂಪೌಂಡು ತಮ್ಮ ಹಸುವಿಗೆ ಅಂತ ಅವರ ಲೆಕ್ಕ. ನಾನು ಮಡಿ ಪಂಚೆ ಒಣಹಾಕಿದರೆ ಅದರ ಪಕ್ಕದಲ್ಲೇ ಹಸು ನಿಂತಿರುತ್ತಿತ್ತು. ನನಗೂ ಗೌಡರಿಗೂ ಮಾತು ಅಷ್ಟಕ್ಕಷ್ಟೇ.

ಒಂದು ದಿನ ಜಗುಲಿ ಮೇಲಿಟ್ಟಿದ್ದ ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ಆ ಹಸು ತಿಂದುಹಾಕಿತು. ನಾನು ಕೂಗಾಡುತ್ತಾ ಗೌಡರ ಮನೆಗೇ ಹೋದೆ.

"ನಿಮ್ಮ ಹಸು ನನ್ನ ಒಂದು ಕ್ಲಾಸನ್ನೇ ತಿಂದಿದೆ ಗೌಡ್ರೇ!"

ಗೌಡರು ನನಗಿಂತ ಜೋರಾಗಿ, "ಓಹೋ, ಅದಕ್ಕೇನಾ? ಬೆಳಗ್ಗೆಯಿಂದ ಅದರ ಹೊಟ್ಟೆ ಕೆಟ್ಟು ಕುಂತೈತೆ. ಅದೇನು ಬರೆದಿದ್ದವೋ ನಿಮ್ಮ ಹುಡುಗ್ರು!" ಅಂದರು.

೨. ಮುಕ್ಕಾಲು ಭಾಗ ನೀರು

ಪುನಃ ಪರೀಕ್ಷೆ ಮಾಡಬೇಕಾಯಿತು. ಅದಕ್ಕಾಗಿ ಸಂಜೆ ಜಗುಲಿಯಲ್ಲಿ ಮಕ್ಕಳನ್ನು ಕೂರಿಸಿ, "ಭೂಮಿಯ ಮುಕ್ಕಾಲು ಭಾಗ ನೀರು" ಅಂತ ಹೇಳಿಕೊಡುತ್ತಿದ್ದೆ. ಹಾಲು ಕರೆಯುತ್ತಿದ್ದ ಗೌಡರು ಚೊಂಬು ಕೆಳಗಿಟ್ಟು ಬಂದರು.

"ಮೇಷ್ಟ್ರೇ, ಮಕ್ಕಳಿಗೆ ಸುಳ್ಳು ಹೇಳಬ್ಯಾಡಿ. ನಾನು ಇತ್ತಾಗೆ ಕನಕಪುರ, ಅತ್ತಾಗೆ ಹೊಸೂರು, ಎರಡೂ ಕಡೆ ನೋಡಿವ್ನಿ. ಎಲ್ಲಾ ನೆಲಾನೇ."

"ಸಮುದ್ರ ಇದೆಯಲ್ಲ ಗೌಡ್ರೇ?"

"ನೀವು ನೋಡಿದೀರಾ?"

ನಾನು ಆವರೆಗೆ ಮಂಡ್ಯ ದಾಟಿದವನಲ್ಲ. ಮಕ್ಕಳೆಲ್ಲ ನನ್ನ ಮುಖವನ್ನೇ ನೋಡಿದವು. "ಇಲ್ಲ" ಅಂದೆ.

"ಹಂಗಾರೆ ಹೋಗಿ ನೋಡ್ಕಂಡು ಬರಾನ ನಡೀರಿ" ಅಂದರು ಗೌಡರು. ದಂಡು ಪ್ರದೇಶದ ಯಾರೋ ಇಂಗ್ಲಿಷ್ ದೊರೆ ಬಿಟ್ಟುಹೋದ ಹಳೇ ಕಾರೊಂದು ಅವರ ಹತ್ತಿರ ಇತ್ತು. ಓಡಿಸಲು ಬರುತ್ತಿತ್ತು, ರಸ್ತೆ ಬೋರ್ಡು ಓದಲು ಬರುತ್ತಿರಲಿಲ್ಲ. ನನಗೆ ಓದು ಮಾತ್ರ ಬರುತ್ತಿತ್ತು. ಗೌಡತಿ ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿ, "ಇಬ್ಬರೂ ಸೇರಿದ್ರೆ ಒಬ್ಬ ಮನುಷ್ಯ ಆಗ್ತೀರ. ಹೋಗ್ಬನ್ನಿ" ಅಂದರು.

೩. ಬಾಯಿ ಕಟ್ಟಿದ ಮುದ್ದೆ

ದಾರಿಗೆ ಅಂತ ಶಾಲೆಯ ಗೋಡೆ ನಕ್ಷೆಯನ್ನೇ ಸುತ್ತಿಕೊಂಡು ಬಂದಿದ್ದೆ. ಬಿಚ್ಚಿದರೆ ಗೌಡರಿಗೆ ರಸ್ತೆ ಕಾಣುತ್ತಿರಲಿಲ್ಲ, ಮಡಿಸಿದರೆ ನನಗೆ ಊರು ಕಾಣುತ್ತಿರಲಿಲ್ಲ. ಕುಣಿಗಲ್ ತನಕ ಬರೀ ಇದೇ ಜಗಳ. ಅಲ್ಲಿ ಕೆರೆ ಏರಿ ಮೇಲೆ ಕಾರು ನಿಲ್ಲಿಸಿ ಕೈಕಾಲು ತೊಳೆಯಲು ಇಳಿದೆವು. ವಾಪಸು ಬರುವುದರೊಳಗೆ ನನ್ನ ಪುಳಿಯೋಗರೆ ಡಬ್ಬಿ ಕೋತಿಗಳ ಕೈಯಲ್ಲಿತ್ತು.

ಗೌಡರ ಮುದ್ದೆ ಸಾರು ಮಾತ್ರ ಸೀಟಿನ ಕೆಳಗೆ ಕ್ಷೇಮವಾಗಿತ್ತು. ನನ್ನ ಮಡಿ ಗೊತ್ತಿದ್ದರಿಂದ ಅವರು ಕರೆಯಲೂ ಸಂಕೋಚಪಟ್ಟು, ಊಟ ಬಿಚ್ಚದೆ ಕಾರು ಹೊರಡಿಸಿದರು. ಹಿರೀಸಾವೆ ಹತ್ತಿರ ಬರುವ ಹೊತ್ತಿಗೆ ನನಗೆ ತಡೆಯಲಾಗಲಿಲ್ಲ. ನಾನೇ ಕೇಳಿ ಇಸಕೊಂಡು ದೊಡ್ಡ ತುತ್ತೊಂದನ್ನು ಬಾಯಿಗಿಟ್ಟು, ಅನ್ನ ಅಗಿಯುವ ಹಾಗೆ ಅಗಿದೆ. ಮುದ್ದೆ ಅಂಗುಳಿಗೆ ಅಂಟಿ ಬಾಯಿ ಕಟ್ಟಿಹೋಯಿತು. ಅಷ್ಟರಲ್ಲೇ ರಸ್ತೆ ಕವಲೊಡೆಯಿತು.

"ಮೇಷ್ಟ್ರೇ, ಯಾವ ಕಡೆ?"

"ಮ್ಮ್... ಮ್ಮ್..."

"ಎಡಕ್ಕಾ?"

"ಮ್ಮ್ ಮ್ಮ್!"

ಎಡಕ್ಕೇ ತಿರುಗಿಸಿದರು. ನನ್ನ ಬಾಯಿ ಬಿಡುವಷ್ಟರಲ್ಲಿ ಶ್ರವಣಬೆಳಗೊಳ ಬಂದಿತ್ತು. ಬಂದದ್ದಾಯಿತಲ್ಲ ಅಂತ ಬೆಟ್ಟ ಹತ್ತಿದೆವು. ಗೌಡರು ಗೊಮ್ಮಟನಿಗೆ ಕೈ ಮುಗಿದು, "ಸ್ವಾಮಿ, ಎಲ್ಲಾರೂ ನಿನ್ನ ನೋಡಕ್ಕೆ ಹರಕೆ ಹೊತ್ಕಂಡು ಬತ್ತಾರೆ. ನಾವು ಮುದ್ದೆ ಕಚ್ಕಂಡು ಬಂದಿವಿ, ಕ್ಷಮಿಸಪ್ಪ" ಅಂದರು.

೪. ಬಾಡಿಗೆಯವರು

ಹಾಸನದ ವಸತಿಗೃಹದಲ್ಲಿ ಒಂದೇ ಕೋಣೆ ಖಾಲಿ ಇತ್ತು. ಜುಟ್ಟು, ನಾಮ, ಪಂಚೆಯ ನಾನು. ಹುರಿಮೀಸೆ, ರುಮಾಲು, ಟೈರು ಚಪ್ಪಲಿಯ ಗೌಡರು. ಮ್ಯಾನೇಜರಿಗೆ ಅನುಮಾನ ಬಂತು.

"ಇವರು ನಿಮಗೇನಾಗಬೇಕು?"

"ಇವರಾ? ನಮ್ಮ ಬಾಡಿಗೆಯವರು" ಅಂದರು ಗೌಡರು.

ಮ್ಯಾನೇಜರು ನನ್ನನ್ನು ಕನಿಕರದಿಂದ ನೋಡಿ, "ಬೆಂಗಳೂರಲ್ಲಿ ಪುರೋಹಿತರೂ ಬಾಡಿಗೆಗೆ ಸಿಗ್ತಾರಾ ಸಾರ್?" ಅಂದ.

ಗೌಡರಿಗೆ ರೇಗಿತು. "ರೀ ಸ್ವಾಮಿ, ಇವರು ಭೂಗೋಳದ ಮೇಷ್ಟ್ರು. ಇಡೀ ಭೂಮಿನೇ ಇವರಿಗೆ ಗೊತ್ತು. ದಾರಿ ಒಂದು ಬಿಟ್ಟು."

ನಗಬೇಕೋ ಕೋಪಿಸಿಕೊಳ್ಳಬೇಕೋ ತಿಳಿಯಲಿಲ್ಲ. ಆದರೆ ಅಲ್ಲಿಂದ ಮುಂದೆ ನಾವು ಜಗಳವಾಡಿದ ನೆನಪಿಲ್ಲ.

೫. ಒಬ್ಬರಿಗೆ ಜಾಗ

ಸಕಲೇಶಪುರ ದಾಟಿ ಘಾಟಿ ಇಳಿಯುವ ಮೊದಲೇ ಕಾರು ಹೊಗೆ ಕಾರುತ್ತಾ ನಿಂತಿತು. ರಿಪೇರಿಯವನು ಬಂದು ನೋಡಿ, ಇದರ ಸಾಮಾನು ಇಲ್ಲೆಲ್ಲೂ ಸಿಗುವುದಿಲ್ಲ, ಬೆಂಗಳೂರಿಗೇ ಎಳೆದುಕೊಂಡು ಹೋಗಿ ಅಂದುಬಿಟ್ಟ. ಅಷ್ಟರಲ್ಲಿ ಮಂಗಳೂರಿಗೆ ಹೋಗುವ ಲಾರಿ ಬಂತು. ಡ್ರೈವರು, "ಒಬ್ಬರಿಗೆ ಜಾಗ ಉಂಟು" ಅಂದ.

ಗೌಡರು ಕಾರು ಬಿಟ್ಟು ಬರುವವರಲ್ಲ. "ನೀವು ಹೋಗಿ ಮೇಷ್ಟ್ರೇ. ನೋಡ್ಕಂಡು ಬಂದು ನನಗೆ ಹೇಳಿ. ನೀವು ಹೇಳಿದ್ರೆ ನಂಬ್ತೀನಿ."

ಲಾರಿ ಹತ್ತಿದೆ. ತಿರುವಿನಲ್ಲಿ ಹಿಂದಿರುಗಿ ನೋಡಿದರೆ ಗೌಡರು ರಸ್ತೆ ಬದಿ ಕಲ್ಲಿನ ಮೇಲೆ ಕೂತು ನನ್ನ ನಕ್ಷೆಯನ್ನು ತಲೆಕೆಳಗಾಗಿ ಹಿಡಿದುಕೊಂಡು ಸಮುದ್ರ ಹುಡುಕುತ್ತಿದ್ದರು. ನನಗೆ ಕೂರಲಾಗಲಿಲ್ಲ. ಲಾರಿ ನಿಲ್ಲಿಸಿ ಇಳಿದು, ಏದುಸಿರು ಬಿಡುತ್ತಾ ವಾಪಸು ನಡೆದೆ.

ಗೌಡರು ತಲೆಯೆತ್ತಿ, "ಇಷ್ಟು ಬೇಗ ನೋಡ್ಕಂಡು ಬಂದ್ರಾ!" ಅಂದರು.

೬. ಮುಂದಿನ ವರ್ಷ

ಕಾರನ್ನು ಬೇರೊಂದು ಲಾರಿಗೆ ಕಟ್ಟಿಸಿ ಎಳೆಸಿಕೊಂಡು ಬಂದೆವು. "ಮುಂದಿನ ವರ್ಷ ಖಂಡಿತ" ಅಂದರು ಗೌಡರು. ಮುಂದಿನ ವರ್ಷ ಅವರ ಮಗಳ ಬಾಣಂತನ. ಅದರಾಚೆ ವರ್ಷ ನನಗೆ ಬೇರೆ ಊರಿಗೆ ವರ್ಗ. ಕೆಲವು ವರ್ಷಕ್ಕೆ ಮತ್ತೆ ವರ್ಗವಾಗಿ ಜಯನಗರಕ್ಕೆ ಬಂದ ಮೇಲೂ ದಿನಾ ಸಂಜೆ ಜಗುಲಿಯಲ್ಲಿ ಕೂತು ಸಮುದ್ರದ ಮಾತಾಡುತ್ತಿದ್ದೆವೇ ಹೊರತು ಎದ್ದು ಹೊರಡಲಿಲ್ಲ. ಸಮುದ್ರ ಎಲ್ಲಿಗೆ ಹೋಗುತ್ತದೆ ಅನ್ನುವ ಧೈರ್ಯ. ಹೋಗುವವರು ನಾವು ಅಂತ ಹೊಳೆಯಲೇ ಇಲ್ಲ.

ಗೌಡರು ಕಾಲು ಊದಿಕೊಂಡು ಮಲಗಿದರು. ನೋಡಲು ಹೋದಾಗ ಕಣ್ಣು ಮಿಟುಕಿಸಿ, "ಒಪ್ಕಂಡೆ ಮೇಷ್ಟ್ರೇ. ಡಾಕ್ಟ್ರೂ ನಿಮ್ಮಂಗೇ ಹೇಳವ್ರೆ. ಮುಕ್ಕಾಲು ಭಾಗ ನೀರೇ ಅಂತೆ" ಅಂದರು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಆ ವಾರ ಕಳೆಯುವುದರೊಳಗೆ ಅವರು ಹೋಗಿಬಿಟ್ಟರು.

೭. ಖಾಲಿ ಜಾಗ

ವರ್ಷ ಕಳೆದ ಮೇಲೆ ನಾನು, ನನ್ನ ಹೆಂಡತಿ, ಗೌಡತಿ ಮೂವರೂ ಬಸ್ಸಿನಲ್ಲಿ ಮಂಗಳೂರಿಗೆ ಹೋದೆವು. ಆ ಹೊತ್ತಿಗೆ ಗೌಡರ ಕೊನೆಯ ಹೊಲವನ್ನೂ ಬಡಾವಣೆಗೆ ತೆಗೆದುಕೊಂಡು ಸೈಟು ಅಳೆದು ಕಲ್ಲು ನೆಟ್ಟಾಗಿತ್ತು. ಗೌಡತಿ ದಾರಿಯುದ್ದಕ್ಕೂ ಕಿಟಕಿಯಾಚೆ ಹೊಲಗಳನ್ನೇ ನೋಡುತ್ತಿದ್ದರು.

ಸಮುದ್ರ ಕಂಡಿತು. ಎಷ್ಟೋ ವರ್ಷ ನಾನು ಪಾಠ ಹೇಳಿದ ನೀರು ಇದೇ. ಪಕ್ಕದಲ್ಲಿ ಗೌಡರು ನಿಂತಿದ್ದರೆ ಏನಾದರೂ ಜಗಳ ತೆಗೆಯುತ್ತಿದ್ದರು ಅನ್ನಿಸಿತು.

ಗೌಡತಿ ಸೆರಗು ಹಣೆಗೆ ಅಡ್ಡ ಹಿಡಿದು ಎಡಕ್ಕೂ ಬಲಕ್ಕೂ ಬಹಳ ಹೊತ್ತು ನೋಡಿದರು.

"ಇದು ಯಾರದು ಮೇಷ್ಟ್ರೇ?"

"ಯಾರದೂ ಅಲ್ಲಮ್ಮ."

"ಇಷ್ಟೂ ಖಾಲಿನಾ?"

"ಖಾಲಿ. ನೋಡಿ, ಅಲ್ಲಿವರೆಗೂ ಖಾಲಿ" ಅಂತ ಕೈ ಚಾಚಿ ಜೋರಾಗಿಯೇ ಹೇಳಿದೆ.

ಗೌಡತಿ ಗಾಬರಿಯಿಂದ ನನ್ನ ಕೈ ಹಿಡಿದು ಕೆಳಗಿಳಿಸಿ, ಸುತ್ತಮುತ್ತ ಯಾರಾದರೂ ಕೇಳಿಸಿಕೊಂಡರಾ ಅಂತ ನೋಡಿ ಪಿಸುಗುಟ್ಟಿದರು:

"ಮೆಲ್ಲಗೆ ಮಾತಾಡಿ! ಲೇಔಟಿನೋರಿಗೆ ಗೊತ್ತಾದ್ರೆ ಇದಕ್ಕೂ ಕಲ್ಲು ನೆಟ್ಟುಬಿಡ್ತಾರೆ."