ಕಿಟಕಿಯ ಮೇಲಿನ ಗುಲಾಬಿ ಪಾಠ

ಇಪ್ಪತ್ತೆರಡು ವರ್ಷದಿಂದ ಇಂಗ್ಲಿಷ್ ಮೇಷ್ಟ್ರಾಗಿರುವ ನನ್ನ ಗಂಟಲು ಒಣಗಿದ್ದೇ ಒಣಗುವ ಪದಗಳನ್ನು ಹೇಳಿಕೊಟ್ಟು. ಬಣ್ಣ ಮಾಸಿದರೆ ಫೇಡ್, ನೀರಿಲ್ಲದೆ ಜೋತುಬಿದ್ದರೆ ವಿಲ್ಟ್, ಸುಕ್ಕುಗಟ್ಟಿ ಮುದುಡಿದರೆ ಶ್ರಿವೆಲ್, ಪೂರ್ತಿ ಒಣಗಿ ಕಥೆ ಮುಗಿದರೆ ವಿದರ್. ಎಷ್ಟು ಬಡಿದುಕೊಂಡರೂ ಮಕ್ಕಳು ನಾಲ್ಕಕ್ಕೂ ಡ್ರೈ ಎಂದೇ ಬರೆಯುತ್ತಾರೆ.

ಹೆಂಡತಿ ಅಕ್ಕನ ಮನೆಗೆ ಹೊರಟಾಗ ನನಗೆ ದಿವ್ಯಜ್ಞಾನವಾಯಿತು. ಅವಳು ಗುಲಾಬಿಯ ಕುಂಡ ತೋರಿಸಿ, "ದಿನಾ ಒಂದು ಚೊಂಬು ನೀರು ಹಾಕಿ. ಅಮ್ಮ ಹೋದ ಮೇಲೆ ಅವರದು ಅಂತ ನನ್ನ ಹತ್ರ ಉಳಿದಿರೋದು ಇದೊಂದೇ," ಎಂದಳು. ನಾನು ಹೂಂಗುಟ್ಟಿದೆ. (ಹೂಂಗುಟ್ಟುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ.) ಮರುದಿನ ಕುಂಡ ಸ್ಕೂಟರ್ ಏರಿ ತರಗತಿಯ ಕಿಟಕಿಗೆ ಬಂತು. ಫೇಡ್, ವಿಲ್ಟ್ ಎರಡನ್ನು ತೋರಿಸಿ ನೀರು ಹಾಕಿಬಿಡೋಣ ಎಂದುಕೊಂಡಿದ್ದೆ. ಆದರೆ ಮಕ್ಕಳು ಜನ್ಮದಲ್ಲಿ ಮೊದಲ ಸಲ ಕಣ್ಣರಳಿಸಿ ನನ್ನ ಪಾಠ ಕೇಳುತ್ತಿದ್ದರು. ನಾನು ಉಬ್ಬಿಹೋದೆ. ಹತ್ತನೆಯ ದಿನ ಕಡ್ಡಿಯಂತಾದ ಗಿಡದ ಪಕ್ಕ ನಿಂತು, ಇದೇ ವಿದರ್, ಇನ್ನು ಮರಳದು ಎಂದು ಘೋಷಿಸಿದೆ.

ಅವತ್ತು ಸಂಜೆ ನಾನು ಕುಂಡವನ್ನು ಮನೆಗೆ ತರುವಷ್ಟರಲ್ಲಿ ಹೆಂಡತಿಯೂ ಬಂದಳು. ಗುಡುಗು ಸಿಡಿಲಿಗೆ ಸಿದ್ಧನಾಗಿದ್ದೆ. ಅವಳು ನೇರ ಕುಂಡದ ಬಳಿ ಕೂತು ಕಾಂಡವನ್ನು ಉಗುರಿನಿಂದ ಕೆರೆದಳು. ಒಳಗೆ ನೂಲಿನಷ್ಟು ಹಸಿರಿತ್ತು. ಒಣ ತುದಿಗಳನ್ನು ಕತ್ತರಿಸಿ, ಕುಂಡವನ್ನು ನೀರಿನ ಬೋಗುಣಿಯಲ್ಲಿ ಕೂರಿಸಿ ನೆರಳಿಗಿಟ್ಟಳು. ಹನ್ನೆರಡು ದಿನ ನನ್ನ ಜೊತೆ ಮಾತಿಲ್ಲ, ಕತೆಯಿಲ್ಲ. ಮಾತೆಲ್ಲ ಗಿಡದ ಜೊತೆ.

ಹದಿಮೂರನೆಯ ಬೆಳಿಗ್ಗೆ ಅಕ್ಕಿಕಾಳಿನಷ್ಟು ಕೆಂಪು ಚಿಗುರು ಕಾಣಿಸಿತು. ನಾನು ಹಲ್ಲುಜ್ಜುವುದನ್ನು ಮರೆತು ನಿಂತುಬಿಟ್ಟೆ. ಇಷ್ಟು ವರ್ಷ ಪದಗಳನ್ನು ಅರೆದು ಕುಡಿದವನಿಗೆ ತಿಳಿಯದ್ದು ಇವಳ ಒಂದು ಉಗುರಿಗೆ ತಿಳಿದಿತ್ತು. ನಿಜ ಹೇಳುತ್ತೇನೆ, ಆ ಕೈಗೆ ನಮಸ್ಕಾರ ಮಾಡಬೇಕೆನಿಸಿತು.

ಮೆಲ್ಲಗೆ ಕೇಳಿದೆ, "ವಿದರ್ ಆಯ್ತು, ಮರಳಿ ಬರಲ್ಲ ಅಂತ ಮಕ್ಕಳಿಗೆ ಬರೆಸಿಬಿಟ್ಟಿದ್ದೀನಲ್ಲ. ಈಗ ಏನಂತ ತಿದ್ದಲಿ?"

ಅವಳು ನೀರು ಹಾಕುತ್ತಿದ್ದ ಚೊಂಬಿನಿಂದ ಕಣ್ಣೆತ್ತಲಿಲ್ಲ. "ಗಿಡ ಸತ್ತಿರಲಿಲ್ಲ, ಮೇಷ್ಟ್ರು ದುಡುಕಿದ್ರು ಅಂತ ಬರೆಸಿ."

ಮರುದಿನ ಬೋರ್ಡಿನ ಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಬರೆದೆ. ನಾನು ಬರೆಸಿದ್ದನ್ನು ಇಡೀ ತರಗತಿ ಒಂದೂ ತಪ್ಪಿಲ್ಲದೆ ಬರೆದುಕೊಂಡದ್ದು ಈ ವರ್ಷ ಅದೇ ಮೊದಲು.