ಮೊದಲು ಚಾಯ, ಆಮೇಲೆ ಕಕ್ಕಸು

ಪುಲ್ಪಳ್ಳಿಯಿಂದ ಕೊಳವಳ್ಳಿಯವರೆಗೆ ನನ್ನ ಸೋದರಮಾವ ಚಾಯ ಕುಡಿಯದ ಮನೆಯೇ ಇಲ್ಲ. ಬಡವರ ಮನೆ, ತೋಟದ ಧಣಿಗಳ ಮನೆ, ದುಬೈ ದುಡ್ಡಿನ ಮನೆ, ಎಲ್ಲ ಕಡೆಯೂ ಮುಂದಿನ ಕೋಣೆಯ ಒಳ್ಳೆಯ ಕುರ್ಚಿಯಲ್ಲಿ ಕೂತು, ಒಳ್ಳೆಯ ಕಪ್ಪಿನಲ್ಲೇ ಕುಡಿದಿದ್ದಾನೆ. ಇಷ್ಟು ಮರ್ಯಾದೆ ಸಿಗಬೇಕಾದರೆ ಆತ ಯಾರಿರಬೇಕು ಅಂತೀರಿ? ಪಂಚಾಯತಿ ಮೆಂಬರೇ? ಮದುವೆ ಕೂಡಿಸುವ ದಲ್ಲಾಳಿಯೇ? ಅಲ್ಲ, ಅವನು ಕಕ್ಕಸು ರಿಪೇರಿ ಮಾಡುವವನು! ಕಟ್ಟಿಕೊಂಡ ಪೈಪು ಬಿಡಿಸುತ್ತಾನೆ, ಒಡೆದ ಬೇಸಿನ್ನು ಕಿತ್ತು ಹೊಸದು ಕೂರಿಸುತ್ತಾನೆ, ಗುಂಡಿ ತೋಡಿ ಸಿಮೆಂಟಿನ ರಿಂಗು ಇಳಿಸುತ್ತಾನೆ. ಆ ಚಾಯ ಯಾರೂ ಪ್ರೀತಿಯಿಂದ ಕೊಟ್ಟದ್ದಲ್ಲ ಬಿಡಿ. ಇವನು ಕಿತ್ತುಕೊಂಡದ್ದು.

ಕಕ್ಕಸಿನ ಕೆಲಸದವನು ಹಿತ್ತಲಿನಿಂದ ಬರಬೇಕು, ಹಿತ್ತಲಿನಿಂದಲೇ ಹೋಗಬೇಕು. ಇದನ್ನು ಯಾರೂ ಗೋಡೆಯ ಮೇಲೆ ಬರೆದು ಹಾಕಿಲ್ಲ, ಆದರೂ ಎಲ್ಲರಿಗೂ ಬಾಯಿಪಾಠ. ಮಾವನ ಕಾನೂನು ಇದಕ್ಕೆ ತದ್ವಿರುದ್ಧ. ಮುಂಬಾಗಿಲಿನಿಂದ ಬರುತ್ತಾನೆ, ಕುರ್ಚಿಯಲ್ಲಿ ಕೂರುತ್ತಾನೆ, ಚಾಯ ಕುಡಿಯುತ್ತಾನೆ, ಆಮೇಲೇ ಕೆಲಸ. ಒಪ್ಪದಿದ್ದರೆ ನಿಮ್ಮ ಕಕ್ಕಸು ನಿಮ್ಮದು, ನಮಸ್ಕಾರ! “ಕೆಲಸ ಮುಗಿಸ್ಕೊಂಡು ಕುಡಿಬಾರ್ದಾ ಮಾವ?” ಎಂದು ಒಮ್ಮೆ ಕೇಳಿದೆ. “ಮುಗಿದ್ಮೇಲೆ ಯಾರವ್ವ ಕುರ್ಚಿ ಕೊಟ್ಟಾರು? ಕಟ್ಕಂಡಿರೋವಾಗ್ಲೇ ಕೇಳ್ಬೇಕು” ಎಂದ.

ಅವನ ವೇಷ ನೋಡಬೇಕು ನೀವು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಮುಂಡು, ಹಣೆಗೆ ಗಂಧ, ಕಂಕುಳಲ್ಲಿ ಕೊಡೆ, ಕೈಯಲ್ಲಿ ವಿಮೆ ಏಜೆಂಟರು ಹಿಡಿಯುವಂಥ ಕಪ್ಪು ಬ್ಯಾಗು. ಬ್ಯಾಗಿನೊಳಗೆ ಸುರುಳಿ ಸುತ್ತಿದ ತಂತಿ, ರಬ್ಬರಿನ ಕೈಗವಸು, ಒಂದು ಮಾಸಲು ಚಡ್ಡಿ. ಆ ಚಡ್ಡಿ ಹೊರಬರುವುದು ಚಾಯದ ಕಪ್ಪು ಖಾಲಿಯಾದ ಮೇಲೆಯೇ.

ಪುಲ್ಪಳ್ಳಿಯ ಹತ್ತಿರ ಒಂದು ಹೊಸ ಬಂಗಲೆಯಲ್ಲಿ ಹಾಲು ಉಕ್ಕಿಸುವ ದಿನ. ನನಗೂ ಊಟಕ್ಕೆ ಕರೆಯಿತ್ತು. ಮನೆ ತುಂಬ ನೆಂಟರು, ಕೋಣೆಗೊಂದರಂತೆ ಕಕ್ಕಸು, ಎಲ್ಲವೂ ಗೋಡೆಗೆ ತೂಗುಹಾಕಿದಂಥವು, ನೀರು ಬಿಡಲು ಒತ್ತುವ ಗುಂಡಿ ಎಲ್ಲಿದೆ ಎಂದು ಹುಡುಕುವುದೇ ಒಂದು ಪರೀಕ್ಷೆ. ಹನ್ನೊಂದು ಗಂಟೆಯ ಹೊತ್ತಿಗೆ ಅಷ್ಟೂ ಒಟ್ಟಿಗೆ ಕಟ್ಟಿಕೊಂಡವು! ಯಜಮಾನ ಗೇಟಿನಲ್ಲೇ ಮಾವನನ್ನು ಹಿಡಿದು “ಚೇಟ್ಟಾ, ವೇಗಂ, ಪಿನ್ನಿಲೂಡೆ ವಾ” ಎಂದು ಮಲೆಯಾಳದಲ್ಲಿ ಅವಸರಿಸಿ ಹಿತ್ತಲ ದಾರಿ ತೋರಿಸಿದ. ಮಾವ ಚಪ್ಪಲಿ ಬಿಚ್ಚಿ, ನೇರವಾಗಿ ಮುಂದಿನ ಕೋಣೆಗೆ ನಡೆದು, ಸೋಫಾದಲ್ಲಿ ಮನೆ ಕಟ್ಟಿಸಿದ ಕಂಟ್ರಾಕ್ಟರನ ಪಕ್ಕದಲ್ಲೇ ಕೂತ. ಚಾಯ ಬಂತು. ಊದಿ ಊದಿ ಕುಡಿದ. ಸುತ್ತಲಿನ ನೆಂಟರು ಕಾಲಿಗೆ ಕಾಲು ಹೆಣೆದುಕೊಂಡು ಬೆವರುತ್ತಿದ್ದರು. ಒಬ್ಬ ಹಿರಿಯರು ಇವನ ಬಿಳಿ ಬಟ್ಟೆ ನೋಡಿ ಯಾವ ಶಾಲೆಯ ಮಾಷ್ ಎಂದು ವಿಚಾರಿಸಿದರು. ಮಾವ ಕಪ್ಪು ಕೆಳಗಿಟ್ಟು, ಎದ್ದು ನಿಂತು, “ಶರಿ, ಇಲ್ಲಿ ಕಕ್ಕೂಸ್ ಎಲ್ಲೈತೆ?” ಎಂದ. ಆಮೇಲೆ ಗುಂಡಿಗೆ ಹೋಗುವ ದೊಡ್ಡ ಪೈಪಿನಿಂದ ಹೊರಬಂದದ್ದು ಒಂದು ಸಿಮೆಂಟು ಚೀಲ. ಕಟ್ಟುವಾಗ ಪೈಪಿನೊಳಗೆ ಕಸ ಬೀಳದಿರಲಿ ಎಂದು ತುರುಕಿದ್ದನ್ನು ತೆಗೆಯಲು ಮರೆತಿದ್ದರು. ಮಾವ ಅದನ್ನು ಕೋಲಿನ ತುದಿಗೆ ಸಿಕ್ಕಿಸಿಕೊಂಡು ಕಿಟಕಿಯ ಬಳಿ ಬಂದು, ಒಳಗೆ ಕೂತಿದ್ದ ಕಂಟ್ರಾಕ್ಟರನಿಗೆ “ನಿಮ್ದು ಒಂದು ಸಾಮಾನು ಬಿಟ್ಹೋಗಿತ್ತು” ಎಂದ. ಆತ ಪಾಯಸಕ್ಕೆ ಕಾಯಲಿಲ್ಲ.

ನಗುತ್ತಿದ್ದೀರಾ? ನಗಿ. ಮರಕ್ಕಡವಿನ ಕಡೆ ಕಾಫಿ ತೋಟದ ನಡುವೆ ಒಂದು ಹಳೇ ಮನೆಯಿದೆ. ಅಜ್ಜನ ಕಾಲದ ಕಕ್ಕಸು, ಅಜ್ಜನ ಕಾಲದ ಮಣ್ಣಿನ ಪೈಪು. ಮರದ ಬೇರು ಪೈಪಿನೊಳಗೆ ನುಗ್ಗಿ ಎಲ್ಲ ಕಟ್ಟಿಕೊಂಡಿತ್ತು. ಅವರು ಇವನ ಕಾನೂನು ಕೇಳಿ ತಿಳಿದವರು; ಮರ್ಯಾದೆಯಾಗಿ ಒಳಗೆ ಕೂರಿಸಿದರು, ಚಾಯ ಕೊಟ್ಟರು. ಕಾಗದದ ಲೋಟದಲ್ಲಿ! ಮನೆಯವರ ಕೈಯಲ್ಲೆಲ್ಲ ಪಿಂಗಾಣಿ, ಇವನ ಕೈಯಲ್ಲಿ ಕಾಗದ. ಮಾವ ಲೋಟವನ್ನು ಒಮ್ಮೆ ತಿರುಗಿಸಿ ನೋಡಿ, ಕುಡಿಯದೆ ಇಟ್ಟು, ಕೊಡೆ ಹಿಡಿದು ಹೊರಟ. ಮಾರನೇ ದಿನ ಜೀಪು ಬಂತು, ಪಿಂಗಾಣಿ ಕಪ್ಪೂ ಬಂತು. ಕೆಲಸ ಮುಗಿಸಿ ತೋಟದ ದಾರಿಯಲ್ಲಿ ಇಳಿಯುವಾಗ ಹಿಂದಿನಿಂದ ಠಣ್ ಎಂದು ಸದ್ದು ಕೇಳಿಸಿತಂತೆ. ತಿರುಗಿ ನೋಡಿದರೆ ಆ ಕಪ್ಪು ಕಾಫಿ ಗಿಡದ ಬುಡದಲ್ಲಿ ಚೂರಾಗಿತ್ತು. ಈ ಕಥೆಯನ್ನು ಮಾವ ಹೊಟ್ಟೆ ಹಿಡಿದುಕೊಂಡು ನಗುತ್ತಾ ಹೇಳಿದ. “ಒಳ್ಳೇ ಕಪ್ಪು ಕಣವ್ವ, ಹೂವಿಂದು. ಕಳ್ಕಂಡ್ರು!” ನನಗೆ ನಗು ಬರಲಿಲ್ಲ. ಇವತ್ತಿಗೂ ಆ ಮನೆಯ ಮುಂದೆ ಹೋಗುವಾಗ ಮೈ ಉರಿಯುತ್ತದೆ.

ಅವನು ಚಾಯ ಕೇಳದೆ ಕೆಲಸ ಮಾಡಿದ್ದು ಬಾವಲಿಯ ಆಚೆ, ಕಾಡಂಚಿನ ಕಾಲನಿಯಲ್ಲಿ. ಅಲ್ಲಿ ಯಾರೋ ಗುತ್ತಿಗೆದಾರ ಕಕ್ಕಸುಗಳನ್ನು ಕಟ್ಟಿಕೊಟ್ಟು ಹೋಗಿದ್ದ. ನಾಲ್ಕು ಗೋಡೆ, ತಗಡಿನ ಬಾಗಿಲು, ಒಳಗೆ ನೀಲಿ ಬೇಸಿನ್ನು, ಎಲ್ಲವೂ ಸರಿ. ಪೈಪಿನ ಆಚೆ ತುದಿಯಲ್ಲಿ ಗುಂಡಿಯೇ ಇಲ್ಲ! ಜನ ಒಳಗೆ ಸೌದೆ ಒಟ್ಟಿದ್ದರು. ಮಾವ ಗುಂಡಿ ತೋಡಲು ನಿಂತಾಗ ಒಬ್ಬಳು ಅಜ್ಜಿ ತಾನಾಗಿಯೇ ಬಂದು “ಒಳಕ್ಕೆ ಬಾ ಮಗ, ಕಟ್ಟನ್ ಚಾಯ ಕುಡ್ಕೊಂಡ್ ಹೋಗು” ಎಂದು ಹಾಲಿಲ್ಲದ ಚಾಯಕ್ಕೆ ಕರೆದಳಂತೆ. ಯಾವ ಬಾಗಿಲಿನಿಂದ ಹೋದೆ ಎಂದು ನಾನು ರೇಗಿಸಿದೆ. “ಅವ್ರ ಮನೆಗೆ ಇರೋದೇ ಒಂದು ಬಾಗ್ಲು” ಎಂದ.

ಇನ್ನು ನನ್ನ ಮದುವೆಯ ವಿಷಯ. ಗಂಡಿನ ಕಡೆಯವರು ನೋಡಲು ಬಂದಾಗ ಹುಡುಗಿಯ ಸೋದರಮಾವ ಇರಲೇಬೇಕಲ್ಲ? ಅಮ್ಮ ಅವನಿಗೆ ಮೊದಲೇ ಹೇಳಿಟ್ಟಿದ್ದಳು: ಬಂದು ಜಗಲಿಯಲ್ಲಿ ಕೂರಬೇಕು, ಕೇಳಿದರೆ ಕಂಟ್ರಾಕ್ಟರ್ ಅನ್ನಬೇಕು, ಮಿಕ್ಕಂತೆ ಬಾಯಿ ಬಿಡಬಾರದು. ಬಿಳಿ ಬಟ್ಟೆಯಲ್ಲಿ ಮಾವ ಶೋಭಿಸುತ್ತಿದ್ದ. ಗಂಡಿನ ತಂದೆ ಮೆಟ್ಟಿಲು ಹತ್ತಿದವರು ಇವನ ಮುಖ ನೋಡಿ ಅಲ್ಲೇ ನಿಂತರು. ಮಾವನಿಗೆ ಸಂತೋಷ ತಡೆಯಲಾಗಲಿಲ್ಲ. “ಓ, ನೀವಾ! ಈಗ ನೀರು ಸಲೀಸಾಗಿ ಹೋಯ್ತದಾ?” ಎಂದುಬಿಟ್ಟ. ಹೋದದ್ದು ಸಂಬಂಧ! ಅಮ್ಮ ಒಂದು ತಿಂಗಳು ಅವನ ಜೊತೆ ಮಾತು ಬಿಟ್ಟಳು. ನನಗೇನೂ ಬೇಸರವಾಗಲಿಲ್ಲ. ತನ್ನ ಮನೆಯ ಕಕ್ಕಸು ಸರಿಮಾಡಿದವನ ಮುಖ ಕಂಡು ನಾಚುವ ಗಂಡಸಿನ ಸೊಸೆಯಾಗಿ ನಾನು ಏನು ಸುಖಪಡುತ್ತಿದ್ದೆ?

ಈಗ ನಿಜವಾದ ವಿಚಾರಕ್ಕೆ ಬರುತ್ತೇನೆ. ಊರಿನ ಎಲ್ಲ ಮನೆಗಳಿಗೂ ಮುಂಬಾಗಿಲಿನಿಂದ ನುಗ್ಗುವ ಈ ಧೀರ ಒಂದು ಮನೆಗೆ ಮಾತ್ರ ಹಿತ್ತಲಿನಿಂದ ಬರುತ್ತಿದ್ದ. ಅದು ನಮ್ಮ ಮನೆ. ಗಂಡಿನವರು ಬಂದ ದಿನದ ಜಗಲಿ ಬಿಟ್ಟರೆ ಬೇರೆ ದಿನವೆಲ್ಲ ಅವನ ಜಾಗ ಅಡುಗೆಮನೆ ಹಿಂದಿನ ಕೆಳಗಿನ ಮೆಟ್ಟಿಲು. ಮೆಣಸಿನ ಬಳ್ಳಿಗೆ ರೋಗ ಬಂದು ತೋಟ ಒಣಗಿದಾಗ ನಮ್ಮವರು ಕೈಗೆ ಸಿಕ್ಕ ಕೆಲಸ ಹಿಡಿದರು. ಒಬ್ಬ ಆಟೋ ಓಡಿಸಿದ, ಒಬ್ಬ ಚೆಕ್‌ಪೋಸ್ಟಿನ ಬಳಿ ಚಾಯದಂಗಡಿ ಇಟ್ಟ, ಮಾವ ಇದನ್ನು ಹಿಡಿದ. ಅಂದಿನಿಂದ ಅಮ್ಮನಿಗೆ ತಮ್ಮ ಮೈಲಿಗೆ. ಅವಳು ಮೇಲೆ ಹೊಸ್ತಿಲಲ್ಲಿ ಕೂತಿರುತ್ತಾಳೆ, ಅವನು ಕೆಳಗೆ ಕೂರುತ್ತಾನೆ, ನಾನು ನಡುವೆ ಲೋಟ ಹಿಡಿದು ಇಳಿಯುತ್ತೇನೆ. ಇಬ್ಬರೂ ಹೊಳೆಯಾಚೆಯ ನೆಂಟರನ್ನೆಲ್ಲ ಬೈದು ಖುಷಿಪಟ್ಟುಕೊಳ್ಳುತ್ತಾರೆ. ಅವಳು ಇಳಿಯುವುದಿಲ್ಲ, ಅವನು ಹತ್ತುವುದಿಲ್ಲ. “ಊರಿನವ್ರ ಹತ್ರ ಅಷ್ಟು ಜೋರು ಮಾಡ್ತೀಯಲ್ಲ, ಇಲ್ಲಿ ಯಾಕೆ ಮಾವ ಬಾಯಿ ಬರಲ್ಲ?” ಎಂದು ಕೇಳಿದರೆ, “ಅಕ್ಕ ಕಣವ್ವ” ಎನ್ನುತ್ತಾನೆ. ಇದೊಂದು ಉತ್ತರವೇ?

ನಮ್ಮ ಕಕ್ಕಸು ಅಂಗಳದ ಆಚೆ ತುದಿಯಲ್ಲಿ, ಹಲಸಿನ ಮರದ ಕೆಳಗಿತ್ತು. ಹಲಸು ಹಣ್ಣಾಗುವ ಕಾಲಕ್ಕೆ ಹೊಳೆ ದಾಟಿ ಆನೆ ಬರುತ್ತದೆ. ಬಿಸಿಲು ಇಳಿದ ಮೇಲೆ ಆ ಕಡೆ ಕಾಲಿಡುವ ಧೈರ್ಯ ಯಾರಿಗಿದೆ? ಅದಕ್ಕೆ ಅಮ್ಮ ಮಧ್ಯಾಹ್ನದ ಊಟವಾದ ಮೇಲೆ ನೀರೇ ಕುಡಿಯುತ್ತಿರಲಿಲ್ಲ. ಉರಿಮೂತ್ರ, ಜ್ವರ, ಆಸ್ಪತ್ರೆ, ವಾಪಸು ಬಂದ ಮೇಲೆ ಮತ್ತದೇ ಒಣ ಗಂಟಲು. ಹೀಗೇ ಬಿಟ್ಟರೆ ಮೂತ್ರಪಿಂಡ ಉಳಿಯುವುದಿಲ್ಲ ಎಂದು ಡಾಕ್ಟರು ಗದರಿದ್ದರು. “ಮನೆಯೊಳ್ಗೆ ಒಂದು ಹಾಕ್ಕೊಡ್ತೀನಿ ಅಕ್ಕ” ಎಂದು ಮಾವ ಮೆಟ್ಟಿಲಿನಿಂದ ಅಂಗಲಾಚುತ್ತಿದ್ದ. “ದೇವ್ರ ಗೋಡೆ ಪಕ್ಕ ಕಕ್ಕಸಾ? ಅದೂ ನೀನು ಒಳಕ್ಕೆ ಬಂದು?” ಎಂದು ಅಮ್ಮ ಮುಖ ತಿರುಗಿಸುತ್ತಿದ್ದಳು. ಬೇರೆಯವರಿಂದಲಾದರೂ ಹಾಕಿಸೋಣವೆಂದರೆ, ತನ್ನ ಅಕ್ಕನ ಮನೆಯ ಕಕ್ಕಸು ಮುಟ್ಟಿದವನ ಕೈ ಮುರಿಯುತ್ತೇನೆಂದು ಮಾವ ಸುತ್ತಲಿನ ಪ್ಲಂಬರುಗಳಿಗೆಲ್ಲ ಹೇಳಿಟ್ಟಿದ್ದ! ಇವರಿಬ್ಬರ ಹಟದ ನಡುವೆ ಅಮ್ಮನ ಮೈ ಕರಗುತ್ತಿತ್ತು.

ಕೊನೆಗೆ ತೀರ್ಮಾನ ಮಾಡಿದ್ದು ಆನೆ. ಒಂದು ಸಂಜೆ, ಇನ್ನೂ ಬೆಳಕಿತ್ತು. ಅಮ್ಮ ಬಕೆಟ್ಟು ಹಿಡಿದು ಅಂಗಳದ ಅರ್ಧ ದಾಟಿದ್ದಳು. ಆನೆ ಹಣ್ಣಿಗೆ ಸೊಂಡಿಲು ಚಾಚಿ ಕಕ್ಕಸಿನ ಗೋಡೆಗೆ ಮೈ ಒರಗಿಸಿತು. ಗೋಡೆ, ಸೂರು, ಬಾಗಿಲು ಎಲ್ಲ ಒಟ್ಟಿಗೆ ಕುಸಿದವು. ಅಮ್ಮನಿಗೆ ಓಡಲಾಗಲಿಲ್ಲ, ಒಗೆಯುವ ಕಲ್ಲಿನ ಮರೆಯಲ್ಲಿ ಕುಸಿದಳು. ನಾನು ಕಂಕುಳಿಗೆ ಕೈ ಹಾಕಿ ಎಳೆದುಕೊಂಡು ಬಂದೆ. ಅವಳ ಸೀರೆ ಒದ್ದೆಯಾಗಿತ್ತು. ಅತ್ತದ್ದು ಅದಕ್ಕೆ, ಆನೆಗಲ್ಲ.

ಮಾರನೇ ಬೆಳಿಗ್ಗೆ ಅಮ್ಮ ನನ್ನ ಹತ್ತಿರ, “ಅವ್ನಿಗೆ ಹೇಳು, ಎಲ್ಲಿ ಬೇಕೋ ಹಾಕ್ಲಿ” ಎಂದು ಜಗಲಿಗೆ ಹೋಗಿ ಬೆನ್ನು ತಿರುಗಿಸಿ ಕೂತಳು. ಮೆಣಸಿನ ಮೂಟೆ ಇಡುತ್ತಿದ್ದ ಕೋಣೆ ಖಾಲಿಯಿತ್ತು. ಮಾವ ಅಡುಗೆಮನೆ ತುಳಿಯಬಾರದೆಂದು ಆ ಕೋಣೆಯ ಹೊರಗೋಡೆಗೆ ಕನ್ನ ಕೊರೆದು, ಅಲ್ಲಿಂದಲೇ ನುಸುಳಿ ಒಳಗೆ ಹೋದ! ಅಕ್ಕನ ಮನೆಗೆ ಕಳ್ಳನ ಹಾಗೆ ಬಂದು ಕೆಲಸ ಮಾಡಿದ. ನಾನು ಚಾಯ ತಂದರೆ ಆಮೇಲೆ ಎಂದ. ನನಗೆ ಅಮ್ಮನ ಮೇಲೆ ಎಂಥ ಸಿಟ್ಟು ಬಂತೆಂದರೆ, ಆ ಚಾಯವನ್ನು ಅವಳ ಮುಂದೆಯೇ ಅಂಗಳಕ್ಕೆ ಚೆಲ್ಲಿದೆ.

ಹೊಳೆಯುವ ಬಿಳಿ ಕಮೋಡು ಕೂತಿತು, ಸಿಮೆಂಟು ಒಣಗಿತು. ಮಾವ ಹೊರಗೆ ನಿಂತು ಆ ಕನ್ನವನ್ನು ಇಟ್ಟಿಗೆಯಿಂದ ಮುಚ್ಚಿಕೊಂಡು ಬರುತ್ತಿದ್ದ. ಮೇಲೊಂದು ಗವಾಕ್ಷಿ ಇಟ್ಟರೆ ಮುಗಿಯಿತು. ಅಷ್ಟರಲ್ಲಿ ಅಮ್ಮನಿಗೆ ಅವಸರವಾಯಿತು. ಅವನನ್ನು ದೂರ ಕಳಿಸಿ, ಕನ್ನಕ್ಕೆ ಗೋಣಿಚೀಲ ಇಳಿಬಿಟ್ಟು, ನಾನೇ ಅವಳನ್ನು ಕೂರಿಸಿ ಬಂದೆ. ನೀರು ಬಿಟ್ಟ ಸದ್ದಾಯಿತು. ಆಮೇಲೆ ಸದ್ದೇ ಇಲ್ಲ. ಹೋಗಿ ನೋಡಿದರೆ ಅಮ್ಮ ಸೀರೆ ಸರಿಮಾಡಿಕೊಂಡು ಹಾಗೇ ಕೂತಿದ್ದಾಳೆ. “ಏಳಕ್ಕಾಯ್ತಿಲ್ಲ ಕಣೇ, ಹಳೇದ್ರಲ್ಲಾದ್ರೆ ಹಿಡ್ಕಂಡು ಏಳಕ್ಕೆ ಹಗ್ಗ ಇತ್ತು” ಎಂದಳು. ನಾನು ಎಳೆದೆ, ಎಳೆದೆ, ಆಗಲಿಲ್ಲ. ನಮ್ಮ ಗದ್ದಲ ಕೇಳಿ ಹತ್ತಿರ ಬಂದಿದ್ದ ಮಾವನ ದನಿ ಗೋಣಿಯ ಆಚೆಯಿಂದ ಬಂತು: “ನಾನು ಬರ್ಲಾ ಅಕ್ಕ?”

“ಕೇಳ್ಕಂಡು ನಿಂತಿದ್ದೀಯಲ್ಲೋ ಮುಂಡೇದೇ!” ಎಂದಳು ಅಮ್ಮ.

ತಾನೇ ಕಟ್ಟಿದ ಹಸಿ ಇಟ್ಟಿಗೆಗಳನ್ನು ಉರುಳಿಸಿಕೊಂಡು ಮಾವ ಒಳಗೆ ಬಿದ್ದ. ನಾವಿಬ್ಬರೂ ಎತ್ತಿ ಅವಳನ್ನು ಮಂಚದ ಮೇಲೆ ಕೂರಿಸಿದೆವು. ಉಸಿರು ಬಂದದ್ದೇ ತಡ, ಬೈಗುಳ ಶುರುವಾಯಿತು. “ಊರಿಗೆಲ್ಲ ನೆಟ್ಟಗೆ ಹಾಕ್ತೀಯ, ನನ್ನ ಮಾತ್ರ ಪಾತಾಳದಲ್ಲಿ ಕೂರಿಸ್ದಲ್ಲ! ಅಡೀಲಿ ಒಂದು ಕಟ್ಟೆ ಕಟ್ಟಿ ಎತ್ತರ ಮಾಡಕ್ಕೆ ಗೊತ್ತಾಗ್ಲಿಲ್ವಾ?”

“ನಿನ್ನ ಮಂಡಿ ಇಷ್ಟು ಕೆಟ್ಟಿರೋದು ನಂಗೆ ಗೊತ್ತಿರ್ಲಿಲ್ಲ ಅಕ್ಕ” ಎಂದ ಮಾವ. “ಯಾವಾಗ ಬಂದ್ರೂ ಹೊಸ್ತಿಲಲ್ಲಿ ಕೂತೇ ಇರ್ತಿದ್ದೆ. ನೀನು ಎದ್ದು ನಡೆದದ್ದು ನಾನು ನೋಡೇ ಇಲ್ಲ.”

ಅಮ್ಮ ಸೀರೆಯನ್ನು ಮಂಡಿಯವರೆಗೆ ಸರಿಸಿ, ಊದಿದ ಕಾಲನ್ನು ಅವನ ಕಡೆ ಚಾಚಿದಳು. “ಇಷ್ಟರ ಮೇಲೆ ಮಡಚಕ್ಕಾಗಲ್ಲ. ಮುಟ್ಟಿ ನೋಡು.”

ಮಾವ ಸಿಮೆಂಟು ಮೆತ್ತಿದ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡ. “ತೊಳ್ಕಂಡ್ ಬತ್ತೀನಿ ಅಕ್ಕ.”

“ಬೇಡ. ಕುತ್ಕೋ” ಎಂದಳು ಅಮ್ಮ.

ಅವನು ನೆಲದ ಮೇಲೆ ಕೂತು ಆ ಮಂಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಕಟ್ಟೆಯ ಎತ್ತರ ಅಳೆಯುವುದಕ್ಕೆ ಅಷ್ಟು ಹೊತ್ತು ಬೇಕಿರಲಿಲ್ಲ. ಆದರೂ ಮಾವ ಕೈ ತೆಗೆಯಲಿಲ್ಲ, ಅಮ್ಮ ಕಾಲು ಎಳೆದುಕೊಳ್ಳಲಿಲ್ಲ.